ರಾಕ್ ಶೋಗೆ ಇಯರ್‌ಪ್ಲಗ್ ಹಾಕ್ಕೊಂಡು ಹೋದೆ, ನಗ್ಬೇಡಿ

ಹತ್ತು ವರ್ಷದ ಹಿಂದೆ ಯಾವನಾದ್ರೂ ರಾಕ್ ಶೋಗೆ ಕಿವಿಗೆ ಬಿರಡೆ ಹಾಕ್ಕೊಂಡು ಬಂದಿದ್ರೆ ಮೊದಲು ನಗಾಡ್ತಿದ್ದವನು ನಾನೇ. 2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಸ್ಪೀಕರ್ ಪಕ್ಕಾನೇ ಜಾಗ ಹುಡ್ಕೊಂಡು ಹೋಗಿ ನಿಂತಿದ್ದೆ, ಯಾರೂ ತಳ್ಳಿರ್ಲಿಲ್ಲ. ಆಮೇಲೆ ಮೂರು ದಿನ ಕಿವೀಲಿ ಗುಂಯ್ ಅಂತಿತ್ತು, ಅದನ್ನೂ ಮೆಡಲ್ ಸಿಕ್ಕಂಗೆ ಆಫೀಸಲ್ಲೆಲ್ಲಾ ಹೇಳ್ಕೊಂಡು ತಿರುಗಿದ್ದೆ. ಈಗ ನಂಗೆ 49, ಆ ಗುಂಯ್ ಪರ್ಮನೆಂಟಾಗಿ ಮನೆ ಮಾಡ್ಕೊಂಡಿದೆ, ರಾತ್ರಿ ಫ್ಯಾನ್ ಆಫ್ ಮಾಡಿದ್ರೆ ಇನ್ನೂ ಜೋರು. ಇಎನ್‌ಟಿ ಡಾಕ್ಟ್ರು ತೆಗೆಸಿದ ಆಡಿಯೋಗ್ರಾಮಲ್ಲಿ, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸೋ ಗ್ರಾಫಲ್ಲಿ, ಗೆರೆ ನೆಟ್ಟಗೆ ಬಂದು 4000 ಹರ್ಟ್ಜ್ ಹತ್ರ ಗುಂಡಿಗೆ ಬಿದ್ದು ಮತ್ತೆ ಎದ್ದು ಬರುತ್ತೆ, ಜೋರು ಸದ್ದಿಂದ ಕಿವಿ ಹಾಳಾದೋರಲ್ಲಿ ಹಿಂಗೇ ಬರೋದಂತೆ. "ಫ್ಯಾಕ್ಟರೀಲಿ ಕೆಲ್ಸನಾ?" ಅಂದ್ರು. ಇಲ್ಲ ಡಾಕ್ಟ್ರೇ, ಹೆವಿ ಮೆಟಲ್ ಅಂದೆ. ಅವ್ರು ಮೆಟಲ್ ಫ್ಯಾಕ್ಟರಿ ಅಂತ ಬರ್ಕೊಂಡ್ರು.

ಹಂಗಾಗಿ ಈ ಫಿಲ್ಟರ್ ಇರೋ ಸಿಲಿಕಾನ್ ಇಯರ್‌ಪ್ಲಗ್ ತಗೊಂಡೆ, 1,800 ರೂಪಾಯಿ. ಮೆಡಿಕಲ್ ಶಾಪಲ್ಲಿ ಸಿಗೋ ಫೋಮ್ ಬಿರಡೆ ಸಾಕಲ್ವಾ ಅಂತ ಹೆಂಡ್ತಿ ಕೇಳಿದ್ಲು, ನ್ಯಾಯವಾದ ಪ್ರಶ್ನೇನೇ. ಅದನ್ನೂ ಟ್ರೈ ಮಾಡಿದ್ದೆ. ಫೋಮು ಡ್ರಮ್ಸ್ ಜೊತೆಗಿರೋ ತಾಳದ ತಟ್ಟೆ (ಸಿಂಬಲ್ಸು), ಗಿಟಾರಿನ ಮೇಲಿನ ಸೌಂಡು ಎಲ್ಲಾ ನುಂಗಿಬಿಟ್ಟು ಬರೀ ಬೇಸ್ ಉಳಿಸುತ್ತೆ, ಪಕ್ಕದ ಬೀದಿ ಗಣೇಶನ ಆರ್ಕೆಸ್ಟ್ರಾನ ಮನೇಲಿ ಬಾಗ್ಲು ಹಾಕ್ಕೊಂಡು ಕೇಳಿದಂಗೆ. ಇದು ಹಂಗಲ್ಲ, ಎಲ್ಲಾನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುತ್ತೆ. ಹಾಕ್ಕೊಳೋಕೆ ಮಾತ್ರ ಅಭ್ಯಾಸ ಬೇಕು, ತಲೆ ಮೇಲಿಂದ ಇನ್ನೊಂದು ಕೈ ತಂದು ಕಿವಿ ಮೇಲಕ್ಕೆ ಹಿಂದಕ್ಕೆ ಎಳೆದು ಆಮೇಲೆ ತಿರುಗಿಸ್ತಾ ಒಳಗೆ ಬಿಡ್ಬೇಕು, ನೋಡೋರಿಗೆ ಮೇಷ್ಟ್ರು ಶಿಕ್ಷೆ ಕೊಟ್ಟಂಗೆ ಕಾಣುತ್ತೆ.

ಟೆಸ್ಟ್ ಮಾಡಿದ್ದು ಹೋದ ತಿಂಗಳು ಒಂದು ಪಬ್ಬಲ್ಲಿ. ತೊಂಬತ್ತರ ದಶಕದಲ್ಲಿ ಕಾಲೇಜ್ ಫೆಸ್ಟಲ್ಲೆಲ್ಲಾ ನಾವು ಕುಣಿದಿದ್ದ ಒಂದು ಬ್ಯಾಂಡು ಮತ್ತೆ ಸೇರಿ ಬಾರಿಸ್ತಿತ್ತು, ನಾಲ್ಕು ಜನಕ್ಕೂ ಐವತ್ತು ದಾಟಿದೆ, ಡ್ರಮ್ಮರ್ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಕೂತಿದ್ದ. ಫೋನಿನ ಆಪಲ್ಲಿ 103 ಡೆಸಿಬಲ್ ತೋರಿಸ್ತು. 85 ಡೆಸಿಬಲ್ ಸದ್ದಲ್ಲಿ ಕಿವಿಗೆ ಹೆಚ್ಚು ಹಾನಿ ಆಗ್ದಂಗೆ ಎಂಟು ಗಂಟೆ ಇರಬಹುದು, ಅದರ ಮೇಲೆ ಪ್ರತಿ ಮೂರು ಡೆಸಿಬಲ್‌ಗೂ ಟೈಮ್ ಅರ್ಧ ಆಗ್ತಾ ಹೋಗುತ್ತೆ ಅನ್ನೋ ಲೆಕ್ಕದಲ್ಲಿ 103ಕ್ಕೆ ಏಳೂವರೆ ನಿಮಿಷ, ಅಂದ್ರೆ ಎರಡು ಹಾಡು ಮುಗಿಯೋದ್ರೊಳಗೆ ಮನೆಗೆ ಹೋಗ್ಬೇಕಿತ್ತು. ನಾನು ಎರಡೂವರೆ ಗಂಟೆ ನಿಂತಿದ್ದೆ, ಬೆಳಿಗ್ಗೆ ಎದ್ದಾಗ ಗುಂಯ್ ಎಷ್ಟಿತ್ತೋ ಅಷ್ಟೇ.

ಆದ್ರೆ ಪ್ಯಾಕೆಟ್ ಮೇಲೆ ಬರೆದಿಲ್ಲದ ವಿಷ್ಯ ಒಂದಿದೆ. ಗದ್ದಲ ಕಮ್ಮಿ ಆದ ತಕ್ಷಣ ಹಾಡೋವ್ನ ಗಂಟಲು ಬಿಡಿಬಿಡಿಯಾಗಿ ಕೇಳ್ಸುತ್ತೆ. ಹಳೇ ಹಾಡುಗಳನ್ನ ಅರ್ಧ ಸ್ವರ ಇಳಿಸಿದ್ದಾರೆ ಅಂತ ಮೊದಲ್ನೇ ಹಾಡಲ್ಲೇ ಗೊತ್ತಾಯ್ತು, ಕೂಗೋ ಜಾಗ ಬಂದಾಗ ಮೈಕ್ ಜನರ ಕಡೆ ತಿರುಗಿಸ್ತಿದ್ದ, ಒಂದು ಕಡೆ ತಾನೇ ಹಾಡೋಕೆ ಹೋಗಿ ದನಿ ಒಡೀತು, ಅಲ್ಲಿ ಒಂದು ಕ್ಷಣ ನಕ್ಕು ಕೆಳಗಿನ ಸ್ವರ ಹಿಡಿದು ದಡ ಸೇರ್ಕೊಂಡ. ಪ್ಲಗ್ ಇಲ್ದೇ ಇದ್ದಿದ್ರೆ ಇದ್ಯಾವುದೂ ಕೇಳ್ತಿರ್ಲಿಲ್ಲ. ಆ ಇಡೀ ರಾತ್ರೀಲಿ ನಂಗೆ ಇಷ್ಟ ಆಗಿದ್ದು ಆ ಒಡೆದ ಜಾಗಾನೇ. ಇಪ್ಪತ್ತೆರಡನೇ ವಯಸ್ಸಲ್ಲಿ ಅದೇ ಸಾಲನ್ನ ಸಲೀಸಾಗಿ ಕೂಗ್ತಿದ್ದ, ಆಗ ನಾನು ಗಮನಿಸಿದ್ದೇ ಇಲ್ಲ.

ಮುದುಕ್ರಾದ್ರು, ನಿಲ್ಲಿಸ್ಬಾರ್ದಾ ಅನ್ನೋರಿಗೆ ಒಂದು ಮಾತು. ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿ ಪೂರ್ತಿ ಹೋಗುತ್ತೆ ಅಂತ ಡಾಕ್ಟ್ರು ಹೆದರಿಸಿದ್ಮೇಲೆ ಟೂರ್ ಬಿಟ್ಟ, 2023ರಲ್ಲಿ 76ನೇ ವಯಸ್ಸಿಗೆ ಬ್ಯಾಂಡ್ ಜೊತೆ ವಾಪಸ್ ಸ್ಟೇಜ್ ಹತ್ತಿದ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಾಯಕ ಆಝಿ ಆಸ್ಬೋರ್ನ್ 2025ರ ಜುಲೈ 5ಕ್ಕೆ ತನ್ನೂರು ಬರ್ಮಿಂಗ್‌ಹ್ಯಾಮಲ್ಲಿ ಸಿಂಹಾಸನದಲ್ಲಿ ಕೂತೇ ಹಾಡಿದ, ನಡೆದಾಡೋಕೆ ಆಗ್ತಿರ್ಲಿಲ್ಲ, ಅದೇ ತಿಂಗಳು 22ಕ್ಕೆ ಹೋಗೇಬಿಟ್ಟ. ಮೇಡನ್‌ನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್‌ದು ಬೇರೆ ದಾರಿ, 2023ರಲ್ಲಿ ಸ್ಟ್ರೋಕ್ ಆದ್ಮೇಲೂ ಹತ್ತತ್ರ ಎರಡು ವರ್ಷ ಬಾರಿಸಿ, 2024ರ ಡಿಸೆಂಬರಲ್ಲಿ ತಾನೇ ಟೂರಿಂಗ್‌ಗೆ ನಮಸ್ಕಾರ ಹೊಡೆದ. ನಿಲ್ಲಿಸೋದು ಅವ್ರವ್ರಿಗೆ ಬಿಟ್ಟಿದ್ದು ಗುರು, ಟಿಕೆಟ್ ತಗೊಳೋದು ನಮಗೆ.

ಪ್ಲಗ್‌ಗೆ ಬರ್ತೀನಿ. ತೊಂದ್ರೆ ಏನಂದ್ರೆ ಜೊತೇಲಿ ಹಾಡಿದ್ರೆ ನಮ್ಮ ದನಿ ನಮ್ಮ ತಲೆ ಒಳಗೇ ಗುಡುಗುತ್ತೆ, ನಾನು ಇಷ್ಟು ಕೆಟ್ಟದಾಗಿ ಹಾಡ್ತೀನಿ ಅಂತ 49ನೇ ವಯಸ್ಸಲ್ಲಿ ಗೊತ್ತಾಯ್ತು. ಮಸಾಲೆ ಕಡ್ಲೆಕಾಯಿ ಅಗಿದ್ರೆ ಜಲ್ಲಿ ಮೆಷಿನ್ ಸೌಂಡು. ಎರಡು ಗಂಟೆ ಆದ್ಮೇಲೆ ಸ್ವಲ್ಪ ಕೆರೆತ.

ರೇಟಿಂಗಲ್ಲಿ ಒಂದು ಸ್ಟಾರ್ ಕಟ್ ಮಾಡಿದ್ದು ಪ್ಲಗ್ ಇಡೋ ಡಬ್ಬಿಗೆ. ಕೀ ಗೊಂಚಲಿಗೆ ಹಾಕೋ ಪುಟಾಣಿ ಡಬ್ಬಿ, ಮುಚ್ಚಳ ಲೂಸು, ಸ್ಕೂಟರಲ್ಲಿ ಹೋಗ್ತಾ ತೆರ್ಕೊಂಡು ಒಂದು ಪ್ಲಗ್ ಎಲ್ಲೋ ಬಿದ್ದೋಯ್ತು. ಬಿಡಿಯಾಗಿ ಒಂದೇ ಕೊಡಲ್ವಂತೆ, ಇನ್ನೊಂದು ಜೊತೇನೇ ತಗೋಬೇಕಾಯ್ತು. ಎಡ ಬಲ ಅಂತ ಭೇದ ಇಲ್ಲ, ಈಗ ನನ್ಹತ್ರ ಮೂರಿದೆ. ಒಂದು ಕಳ್ಕೊಂಡೋರು ಯಾರಾದ್ರೂ ಇದ್ರೆ ಹೇಳಿ, ತೊಳೆದು ಕೊಡ್ತೀನಿ.