ಸೂಜಿ, ಎಣ್ಣೆ, ಬೆಲ್ಟು, ವ್ಯಾಯಾಮ: ಸೊಂಟಕ್ಕೂ ಮಂಡಿಗೂ ಯಾವುದರ ಮೇಲೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಸೊಂಟನೋವಿಗೂ ಸವೆದ ಮಂಡಿಗೂ ನನ್ನ ಓಟು ವ್ಯಾಯಾಮ ಕಲಿಸಿ ಕಳಿಸುವ ಫಿಜಿಯೋಥೆರಪಿಗೆ. ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ಗೆ ಎರಡನೇ ಸ್ಥಾನ, ಅದೂ ವ್ಯಾಯಾಮದ ಜೊತೆಗಿದ್ದರೆ. ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಕಟಿ ಬಸ್ತಿ ಮೂರನೆಯದು. ಬೆಲ್ಟು ಕೊನೆಗೆ. ಮೈಸೂರು, ಮಂಡ್ಯದಲ್ಲಿ ನಾಲ್ಕೂ ಸಿಗುತ್ತವೆ. ನಾಲ್ಕಕ್ಕೂ ಮೈಯೊಡ್ಡಿ, ದುಡ್ಡು ಕೊಟ್ಟು ನೋಡಿದ ಮೇಲೆ ಹಾಕಿದ ಲೆಕ್ಕ ಇದು.

ಸೊಂಟನೋವು ಎಂದು ಆಸ್ಪತ್ರೆಗೆ ಹೋಗುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗುವುದಿಲ್ಲ. ಸ್ನಾಯು, ಸಣ್ಣ ಕೀಲು, ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕು ಎಲ್ಲವೂ ಸ್ವಲ್ಪ ಸ್ವಲ್ಪ ಕೆರಳಿರುತ್ತವೆ. ಆದರೆ ಎಂಆರ್‌ಐ ರಿಪೋರ್ಟಿನಲ್ಲಿ ‘ಬಲ್ಜ್’ (ಡಿಸ್ಕು ಉಬ್ಬಿದೆ) ಎಂಬ ಮಾತು ಕಂಡರೆ ಸಾಕು, ‘ಗ್ಯಾಪ್ ಬಂದಿದೆಯಂತೆ’, ‘ಡಿಸ್ಕ್ ಜಾರಿದೆಯಂತೆ’ ಎಂದು ಮನೆಮಂದಿಯೆಲ್ಲ ಹೆದರುತ್ತಾರೆ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, 20 ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ, 80 ದಾಟಿದವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು. ಹಾಗಾಗಿ ರಿಪೋರ್ಟಿಗಿಂತ ನೋವಿನ ನಡವಳಿಕೆ ಮುಖ್ಯ: ಯಾವ ಭಂಗಿಯಲ್ಲಿ ಏರುತ್ತದೆ, ಯಾವುದರಲ್ಲಿ ಇಳಿಯುತ್ತದೆ, ಕಾಲಿಗೆ ಎಷ್ಟು ಕೆಳಗೆ ಹೋಗುತ್ತದೆ. ಹೊರಚಾಚಿದ ಡಿಸ್ಕು ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಕೆಲವು ನೋವುಗಳಿಗೆ ಈ ಹೋಲಿಕೆ ಅನ್ವಯಿಸುವುದೇ ಇಲ್ಲ. ಮೂತ್ರ, ಮಲದ ಹತೋಟಿ ತಪ್ಪಿದರೆ, ತೊಡೆಸಂದಿ ಮತ್ತು ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋಗುತ್ತಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾಗಿದ್ದು ಇವೂ ಸೂಜಿ, ಎಣ್ಣೆಗೆ ಕಾಯುವಂಥವಲ್ಲ. ಎರಡೂ ಕೈಯ ಬೆರಳಿನ ಕೀಲುಗಳು ಊದಿ, ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಬೇಗ ಔಷಧ ಶುರುವಾಗದಿದ್ದರೆ ಕೀಲು ಹಾಳಾಗುತ್ತದೆ. ನಲವತ್ತರೊಳಗಿನವರಿಗೆ ನಡುರಾತ್ರಿ ಬೆನ್ನು ನೋಯ್ದು ಎಬ್ಬಿಸಿ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದೂ ಬೇರೆ ಜಾತಿಯ ನೋವು. ರುಮಟಾಲಜಿ (ಸಂಧಿವಾತದ) ವೈದ್ಯರಿಗೆ ತೋರಿಸಿ.

ಈಗ ಸೂಜಿಯ ವಿಚಾರ. ಬಳಸುವುದು ಕೂದಲಿಗಿಂತ ಕೆಲವು ಪಟ್ಟು ದಪ್ಪವಾದರೂ ತೀರಾ ಸಪೂರವಾದ, ಸಾಮಾನ್ಯವಾಗಿ 0.25 ಮಿಲಿಮೀಟರ್ ವ್ಯಾಸ, 40 ಮಿಲಿಮೀಟರ್ ಉದ್ದದ ಸ್ಟೀಲ್ ಸೂಜಿ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳಿಲ್ಲ, ತುದಿ ಚರ್ಮವನ್ನು ಕತ್ತರಿಸುವುದಿಲ್ಲ. ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ, ಸ್ನಾಯುವಿಗೆ ತಲುಪಿ ತಿರುಗಿಸಿದಾಗ ಮಂದವಾದ ಭಾರ, ಜೋಮು ಬರುತ್ತದೆ. ಸೊಂಟಕ್ಕೆ ಬೆನ್ನುಮೂಳೆಯಿಂದ ಎರಡು ಬೆರಳಗಲ ಪಕ್ಕದಲ್ಲಿ ಎರಡೂ ಕಡೆ, ಪೃಷ್ಠದ ಆಳದಲ್ಲಿ, ಮಂಡಿಯ ಹಿಂದಿನ ಮಡಿಕೆಯ ನಡುವೆ ಹಾಕುತ್ತಾರೆ. ಮಂಡಿಗೆ ಚಿಪ್ಪಿನ ಕೆಳಗಿನ ಎರಡು ಗುಳಿಗಳು, ಚಿಪ್ಪಿನ ಮೇಲೆ ತೊಡೆಯ ಒಳ-ಹೊರ ಬದಿ. 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ವಾರಕ್ಕೆ ಒಂದೋ ಎರಡೋ ಸಲ, ಒಟ್ಟು ಆರರಿಂದ ಹತ್ತು ಸಿಟ್ಟಿಂಗ್ ಎಂಬುದು ಎಲ್ಲ ಕಡೆ ಇರುವ ರೂಢಿ.

ಕೆಲಸ ಮಾಡುತ್ತದೆಯೇ ಎಂದರೆ, ನೋವು ಇಳಿಸುತ್ತದೆ. ಜರ್ಮನಿಯಲ್ಲಿ 1162 ಮಂದಿ ಹಳೆಯ ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6ರಷ್ಟು ಮಂದಿಗೆ ಗುಣ ಕಂಡಿತು. ಮಾಮೂಲಿ ಚಿಕಿತ್ಸೆಯಲ್ಲಿ ಅದು ಶೇ 27.4. ಆದರೆ ಬೇಕೆಂದೇ ತಪ್ಪು ಜಾಗದಲ್ಲಿ, ಆಳಕ್ಕಿಳಿಸದೆ ಸೂಜಿ ಚುಚ್ಚಿಸಿಕೊಂಡವರಲ್ಲೂ ಶೇ 44.2ರಷ್ಟು ಮಂದಿಗೆ ಗುಣವಾಗಿತ್ತು. ನನಗೆ ಇದರಿಂದ ಸಿಕ್ಕ ಪಾಠ: ‘ನಮ್ಮಲ್ಲಿ ಮಾತ್ರ ಗೊತ್ತಿರುವ ಬಿಂದು’ ಎಂದು ಹೆಚ್ಚು ದುಡ್ಡು ಕೇಳುವವರ ಹತ್ತಿರ ಹೋಗಬೇಕಿಲ್ಲ. ಶುದ್ಧವಾಗಿ, ಸುರಕ್ಷಿತವಾಗಿ ಚುಚ್ಚುವವರು ಸಾಕು. ಸವೆದ ಮಂಡಿಗೆ ಇನ್ನೂ ಕಡಿಮೆ ಭರವಸೆ ಇಟ್ಟುಕೊಳ್ಳಿ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಕೀಲು ಸವೆತಕ್ಕೆ ಅಕ್ಯುಪಂಕ್ಚರ್ ಬೇಡವೆಂದೇ ಹೇಳಿದೆ. ಹಳೆಯ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಜಿ ಚಿಕಿತ್ಸೆಯನ್ನು ಆಯ್ಕೆಗಳ ಪಟ್ಟಿಯಲ್ಲಿ ಇಟ್ಟುಕೊಂಡಿದೆ.

ಸೂಜಿಯ ದೊಡ್ಡ ತೊಡಕು ಸೂಜಿಯಲ್ಲಿಲ್ಲ, ಅದರ ಹಿಂದೆ ಮುಂದೆ ಇದೆ. ಒಂದು, ಬೋರಲು ಮಲಗುವುದು. ಅರ್ಧ ಗಂಟೆ ಸಪಾಟು ಮಂಚದ ಮೇಲೆ ಬೋರಲಾಗಿ, ಅಲುಗಾಡದೆ ಮಲಗಿದರೆ ಸೊಂಟ ಕೆಳಕ್ಕೆ ಜೋತು, ಹಿಂಬದಿಯ ಸಣ್ಣ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಐವತ್ತು ದಾಟಿದ, ನಡೆದರೆ ಕಾಲು ಸೆಳೆದು ಕುಳಿತರೆ ಹಗುರವಾಗುವ ಜನರಿಗೆ ಇದು ಇನ್ನೂ ಕಷ್ಟ, ಅವರ ನರದ ದಾರಿ ಮೊದಲೇ ಕಿರಿದಾಗಿರುತ್ತದೆ. ಸೂಜಿ ತೆಗೆದ ಮೇಲೆ ಏಳುವುದಕ್ಕೇ ಆಗದೆ ‘ನೋವು ಜಾಸ್ತಿಯಾಯಿತು’ ಎಂದು ಚಿಕಿತ್ಸೆ ಬಿಡುವವರಲ್ಲಿ ಎಷ್ಟೋ ಮಂದಿಗೆ ತೊಂದರೆ ಕೊಟ್ಟದ್ದು ಭಂಗಿ. ಹೊಟ್ಟೆಯ ಕೆಳಗೆ, ಹೊಕ್ಕುಳಿನಿಂದ ಸೊಂಟದ ಮೂಳೆವರೆಗೆ ಬರುವ ಹಾಗೆ ಒಂದು ದಿಂಬು, ಪಾದದ ಗಂಟಿನ ಕೆಳಗೆ ಮಡಚಿದ ಟವೆಲ್ ಕೇಳಿ. ಅದೂ ಆಗದಿದ್ದರೆ ನೋಯುವ ಬದಿ ಮೇಲೆ ಮಾಡಿ, ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಿ ಹಾಕಿಸಿಕೊಳ್ಳಬಹುದು. ಏಳುವಾಗ ಮಗ್ಗುಲಾಗಿ ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು.

ಎರಡು, ವಾಪಸ್ ಬರುವುದು. ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಮೈಸೂರಿಗೆ ಬಂದು ಸೂಜಿ ಹಾಕಿಸಿಕೊಂಡು, ಸಡಿಲವಾದ ಸೊಂಟವನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು, ಒಂದೂವರೆ ಗಂಟೆ ಕುಲುಕಿಸಿಕೊಂಡು ಊರು ಸೇರುತ್ತಾರೆ. ಕುಳಿತ ಭಂಗಿಯೂ ಕುಲುಕಾಟವೂ ಸೇರಿದರೆ ಡಿಸ್ಕಿನ ಮೇಲೆ ಬೀಳುವ ಹೊರೆ ಸಣ್ಣದಲ್ಲ, ಸ್ನಾಯು ಅದಕ್ಕೆ ಉತ್ತರವಾಗಿ ಮತ್ತೆ ಬಿಗಿದುಕೊಳ್ಳುತ್ತದೆ. ಅಲ್ಲಿಗೆ ಕೊಟ್ಟ ದುಡ್ಡು ದಾರಿಯಲ್ಲೇ ಖರ್ಚಾಯಿತು. ಸ್ಕೂಟರಿನ ಹಿಂಬದಿ ಸವಾರಿ ಇನ್ನೂ ಕೆಟ್ಟದ್ದು. ಸೂಜಿ ತೆಗೆದ ಮೇಲೆ ಹತ್ತು ಹದಿನೈದು ನಿಮಿಷ ಅಲ್ಲೇ ನಿಧಾನವಾಗಿ ಓಡಾಡಿ. ಮಂಡ್ಯ ಮೈಸೂರು ನಡುವೆ ರೈಲು ಹಿಡಿಯುವುದು ಒಳ್ಳೆಯದು, ನಿಲ್ಲಬಹುದು, ನಡೆಯಬಹುದು. ಬಸ್ಸೇ ಆದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ಸೀಟು, ಸೊಂಟದ ಹಿಂದೆ ಸುತ್ತಿದ ಟವೆಲ್. ಮನೆಗೆ ಹತ್ತಿರ ಸಾಧಾರಣ ಚಿಕಿತ್ಸಕರಿದ್ದರೆ ದೂರದ ಹೆಸರಾಂತರಿಗಿಂತ ಅವರೇ ಮೇಲು ಎನ್ನುವುದು ಈ ಕಾರಣಕ್ಕೆ.

ಸುರಕ್ಷತೆಯಲ್ಲಿ ಮುಲಾಜು ಬೇಡ. ಪ್ಯಾಕೆಟ್ಟು ನಿಮ್ಮ ಕಣ್ಣೆದುರು ಹರಿಯಬೇಕು, ಸೂಜಿ ಒಮ್ಮೆ ಬಳಸಿ ಬಿಸಾಡುವಂಥದ್ದಾಗಿರಬೇಕು. ರಕ್ತ ತೆಳು ಮಾಡುವ ಮಾತ್ರೆ, ಪೇಸ್‌ಮೇಕರ್, ಗರ್ಭ ಇದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟು ಕೊಡಿಸಿಕೊಳ್ಳಬಾರದು. ಭುಜ, ಮೇಲ್ಬೆನ್ನಿನಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯವಿದೆ. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತುತ್ತದೆ. ಯಾರ ಬಳಿ ಎಂದು ಕೇಳಿದರೆ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರನ್ನು ಮೊದಲು ಹುಡುಕಿ. ಐದೂವರೆ ವರ್ಷದ ಆ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಕೂಡ ಒಂದು ವಿಷಯ, ಮೈಸೂರಿನಲ್ಲೇ ಅದರ ಸರ್ಕಾರಿ ಕಾಲೇಜಿದೆ.

ಇನ್ನು ನನ್ನ ಆಯ್ಕೆ. ಫಿಜಿಯೋ ಎಂದು ಬೋರ್ಡು ಹಾಕಿದ ಕಡೆಯೆಲ್ಲ ಇದು ಸಿಗುವುದಿಲ್ಲ. ಹದಿನೈದು ನಿಮಿಷ ಕರೆಂಟು ಕೊಡುವ ಐಎಫ್‌ಟಿ ಪ್ಯಾಡು, ಐದು ನಿಮಿಷ ಅಲ್ಟ್ರಾಸೌಂಡ್, ಆಮೇಲೆ ಸೊಂಟ ಎಳೆಯುವ ಟ್ರ್ಯಾಕ್ಷನ್ ಕೊಟ್ಟು ‘ನಾಳೆ ಬನ್ನಿ’ ಎನ್ನುವ ಕಡೆ ಹೋಗುವುದೂ ಹೋಗದಿರುವುದೂ ಒಂದೇ. ಹಳೆಯ ಸೊಂಟನೋವಿಗೆ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಚರ್ಮದ ಮೇಲಿನ ಟೆನ್ಸ್ ಕರೆಂಟು, ಬೆಲ್ಟು ಈ ನಾಲ್ಕೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ 2023ರ ಮಾರ್ಗಸೂಚಿ ಹೇಳುತ್ತದೆ. ಮೊದಲ ದಿನವೇ ಬಗ್ಗಿಸಿ, ಎತ್ತಿಸಿ, ನಡೆಸಿ ನೋಡಿ, ಎರಡು ಮೂರು ವ್ಯಾಯಾಮ ನಿಮ್ಮಿಂದಲೇ ಮಾಡಿಸಿ, ವಾರ ಬಿಟ್ಟು ಬರಹೇಳುವವರೇ ಸರಿಯಾದವರು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಿಕೊಂಡು ಮನೆಯಲ್ಲಿ ಮುಂದುವರಿಸಬಹುದು.

ಬಗ್ಗಿದರೆ, ಕುಳಿತರೆ ಏರುವ ಸೊಂಟನೋವಿಗೆ: ಬೋರಲಾಗಿ ಎರಡು ನಿಮಿಷ, ಮೊಣಕೈ ಊರಿ ಎರಡು ನಿಮಿಷ. ಬಳಿಕ ಅಂಗೈ ಊರಿ ಎದೆ ಎತ್ತುವುದು ಹತ್ತು ಸಲ. ಸೊಂಟ ನೆಲದಲ್ಲೇ ಸಡಿಲವಾಗಿ ಇರಬೇಕು. ಪೃಷ್ಠ ಬಿಗಿಹಿಡಿದರೆ ಕೆಲಸ ಕೆಡುತ್ತದೆ. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಮಾಡಿ. ಕಾಲಿನ ನೋವು ಮೇಲೆ ಸರಿದು ಸೊಂಟಕ್ಕೆ ಬಂದರೆ, ಅಲ್ಲಿ ಸ್ವಲ್ಪ ಹೆಚ್ಚಾದರೂ, ಸರಿಯಾದ ದಾರಿ. ಮೀನಖಂಡಕ್ಕೆ, ಪಾದಕ್ಕೆ ಇಳಿದರೆ ಅಲ್ಲೇ ನಿಲ್ಲಿಸಿ. ನಡೆದರೆ ಕಾಲು ಸೆಳೆಯುವವರಿಗೆ ಇದು ಬೇಡ, ಮಂಡಿ ಎದೆಗೆ ತರುವುದು ಅವರದು.

ನೋವು ಇಳಿದ ಮೇಲೆ ಬಲ. ಕೈ, ಮಂಡಿ ಊರಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 8ರಿಂದ 10 ಸೆಕೆಂಡು. ಮೊದಲ ಸುತ್ತು ಆರು ಸಲ, ಮುಂದಿನದು ನಾಲ್ಕು, ಕೊನೆಯದು ಎರಡು, ಬಳಿಕ ಬದಿ ಬದಲು. ಕಾಲು ಬೆನ್ನಿನ ಮಟ್ಟ ಮೀರಿ ಎತ್ತಿದರೆ ಸೊಂಟ ಬಾಗುತ್ತದೆ, ಉಸಿರು ಕಟ್ಟಿದರೆ ಬಿಪಿ ಏರುತ್ತದೆ. ಇದೇ ಲೆಕ್ಕದಲ್ಲಿ ಮಗ್ಗುಲ ಪ್ಲ್ಯಾಂಕ್, ಅಂದರೆ ಮಗ್ಗುಲಾಗಿ ಮೊಣಕೈ, ಮಂಡಿ ಊರಿ ಸೊಂಟ ಎತ್ತಿ ಹಿಡಿಯುವುದು. ಮೊಬೈಲ್ ನೋಡಿ ಬೆಳಿಗ್ಗೆ ಎದ್ದೊಡನೆ ಕಾಲ್ಬೆರಳು ಮುಟ್ಟುವ ಅಭ್ಯಾಸವಿದ್ದರೆ ಇಂದೇ ಬಿಡಿ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬಿರುತ್ತದೆ, ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅದಕ್ಕೆ ಬೀಳುವ ಒತ್ತಡ ಹೆಚ್ಚು. ನಮ್ಮ ಹೆಣ್ಣುಮಕ್ಕಳು ಹಾಸಿಗೆಯಿಂದೆದ್ದು ಮೋಟು ಕಡ್ಡಿಪೊರಕೆ ಹಿಡಿದು ಅಂಗಳ ಗುಡಿಸಿ, ಸಾರಿಸಿ, ಬಗ್ಗಿ ರಂಗೋಲಿ ಹಾಕುವುದು ಸರಿಯಾಗಿ ಅದೇ ಗಂಟೆಯಲ್ಲಿ. ಪೊರಕೆಗೆ ಎದೆಮಟ್ಟದ ಕೋಲು ಕಟ್ಟಿಸಿ, ರಂಗೋಲಿಯನ್ನು ಮಣೆ ಮೇಲೆ ಕುಳಿತು ಹಾಕಿ ಅಥವಾ ಒಂದು ಗಂಟೆ ಮುಂದೂಡಿ. ಎಷ್ಟು ಸೂಜಿ ಹಾಕಿಸಿಕೊಂಡರೂ ಈ ಒಂದು ಅಭ್ಯಾಸ ಬದಲಾಗದಿದ್ದರೆ ನೋವು ಮರಳುತ್ತದೆ.

ಮಂಡಿಗೆ: ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ ಐದು ಸೆಕೆಂಡು ಹಿಡಿಯಿರಿ, ಹತ್ತು ಸಲ. ಬಳಿಕ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ನೋಯ್ದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿ. ಒಂದು ಕಿಲೋ ತೂಕ ಇಳಿದರೆ ಮಂಡಿಗೆ ಪ್ರತಿ ಹೆಜ್ಜೆಯಲ್ಲೂ ಸುಮಾರು ನಾಲ್ಕು ಕಿಲೋ ಹೊರೆ ತಗ್ಗುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ನಡಿಗೆ ಒಳ್ಳೆಯದು. ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತಿ, ಇಳಿಯುವಾಗ ಬಸ್ಸಿನಲ್ಲಿ ಬನ್ನಿ. ಚಿಪ್ಪಿನ ಹಿಂದೆ ಒತ್ತಡ ಹೆಚ್ಚು ಬೀಳುವುದು ಇಳಿಯುವಾಗ.

ಕಟಿ ಬಸ್ತಿ: ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವುದು, ಅರ್ಧ ಗಂಟೆ. ಹಿತವಾಗಿರುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನನ್ನ ಅನುಭವದಲ್ಲಿ ಆ ಹಿತ ಒಂದೆರಡು ದಿನದ್ದು. ಮನೆಯಲ್ಲಿ ಹುರಿದ ಉಪ್ಪಿನ ಗಂಟಿನ ಶಾಖ ಹದಿನೈದು ನಿಮಿಷ ಕೊಟ್ಟರೆ ಮುಕ್ಕಾಲು ಪಾಲು ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಪಾದಕ್ಕೆ ಶಾಖ ಕೊಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಬೆಲ್ಟು ದೂರ ಪ್ರಯಾಣಕ್ಕೆ, ಒಂದೆರಡು ದಿನಕ್ಕೆ ಸರಿ. ಅದಕ್ಕಿಂತ ಹೆಚ್ಚಿಗೆ ಬೇಡ.

ಮಾತ್ರೆ: ಸಣ್ಣ ಅವಧಿಗೆ ಡೈಕ್ಲೋಫೆನಾಕ್‌ನಂಥವು ಉಪಯುಕ್ತ, ಆದರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರ ಕಿಡ್ನಿಗೆ ಅಪಾಯ. ಮಂಡಿಗೆ ಅದೇ ಔಷಧದ ಜೆಲ್ ಹಚ್ಚುವುದು ಮೇಲು. ಹೆಸರಿಲ್ಲದ ಕವರಿನಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆ ಮುಟ್ಟಬೇಡಿ. ಸ್ಟೀರಾಯ್ಡ್ ಇದ್ದರೆ ಒಂದೇ ದಿನದಲ್ಲಿ ನೋವು ಮಾಯ, ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ದುಡ್ಡಿನ ಲೆಕ್ಕ ಹೀಗಿಡಿ. ಸೂಜಿಗೆ ಒಂದು ಸಲಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ ಎಂಟಕ್ಕೆ 3200, ಬಸ್ ಚಾರ್ಜು, ಕಳೆದ ಕೂಲಿ ಬೇರೆ. ಅದೇ ದರದಲ್ಲಿ ಫಿಜಿಯೋಗೆ ಮೂರು ಸಲ ಹೋಗಿ ವ್ಯಾಯಾಮ ಕಲಿತರೆ 1200, ಮುಂದಿನದು ಮನೆಯಲ್ಲೇ ಚಾಪೆ ಮೇಲೆ. ಕೈಯಲ್ಲಿ ಎರಡಕ್ಕೂ ಆಗುವಷ್ಟಿದ್ದರೆ, ನೋವು ಜಾಸ್ತಿಯಿದ್ದು ವ್ಯಾಯಾಮವೇ ಆಗದವರು ಮೊದಲ ಎರಡು ಮೂರು ವಾರ ಸೂಜಿ ಹಾಕಿಸಿ, ನೋವು ತಗ್ಗಿದ ದಿನಗಳಲ್ಲಿ ವ್ಯಾಯಾಮ ಶುರು ಮಾಡಿ. ಹತ್ತು ಸಿಟ್ಟಿಂಗ್ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ನಾಲ್ಕರೊಳಗೆ ನಿದ್ದೆ, ನಡಿಗೆಯಲ್ಲಿ ಏನೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಬೇಸಾಯದವರು ವ್ಯಾಯಾಮವನ್ನು ನಾಟಿಗೆ ಕನಿಷ್ಠ ಆರು ವಾರ ಮೊದಲೇ ಹಿಡಿಯಬೇಕು. ನಾಲೆಗೆ ನೀರು ಬಿಟ್ಟು, ಗದ್ದೆಗೆ ಇಳಿದು ಸೊಂಟ ಹಿಡಿದ ಮೇಲೆ ಸ್ನಾಯುವಿಗೆ ಬಲ ತುಂಬಲು ಸಮಯವಿರುವುದಿಲ್ಲ.