ತಾಂಬೂಲದ ಬ್ಯಾಗಿಗೆ ಕೂಪರ್ ಬ್ಲ್ಯಾಕ್: ಒಂಬತ್ತು ವರ್ಷ ಬಳಸಿದೋನ ಮಾತು

ನಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಮದುವೆ ಸೀಸನ್ ಬಂತಂದ್ರೆ ಮುಕ್ಕಾಲು ಪಾಲು ಕೆಲ್ಸ ತಾಂಬೂಲದ ಬಟ್ಟೆ ಬ್ಯಾಗ್‌ದೇ. ಹುಡುಗ ಹುಡುಗಿ ಹೆಸರು ಇಂಗ್ಲಿಷಲ್ಲಿ ದಪ್ಪಗೆ ಇರ್ಬೇಕು ಅಂತಾರೆ, ನಾನು ಕಣ್ಮುಚ್ಕೊಂಡು ಕೂಪರ್ ಬ್ಲ್ಯಾಕ್ ಅನ್ನೋ ಫಾಂಟ್ ಹಾಕ್ತೀನಿ.

ಮೊದ್ಲು ಹಿಂಗಿರ್ಲಿಲ್ಲ. ಬೊಡೋನಿ ಪೋಸ್ಟರ್ ಅನ್ನೋ ಫಾಂಟಿನ ಹುಚ್ಚು ಹಿಡಿದಿತ್ತು ನಂಗೆ. ಒಂದು ಗೆರೆ ಕಂಬದಷ್ಟು ದಪ್ಪ, ಪಕ್ಕದ್ದು ಕೂದಲೆಳೆ, ಮಾನಿಟರಲ್ಲಿ ನೋಡಿದ್ರೆ ರಾಜಕಳೆ. ಮುನ್ನೂರು ಬ್ಯಾಗ್ ಆರ್ಡರಿಗೆ ಅದನ್ನೇ ಹಾಕಿ ಎಳೆದೆ, ಕೂದಲೆಳೆ ಎಲ್ಲಾ ಬಟ್ಟೆ ನೇಯ್ಗೆಲಿ ಮಾಯ. ಹುಡುಗಿ ಹೆಸರು ಶುರುವಾಗೋದೇ ಎಚ್ ಇಂದ, ಅಡ್ಡಗೆರೆ ಹೋಗಿ ಎರಡು ಕಂಬ ನಿಂತಿದೆ, ಅವಳ ಸೋದರಮಾವ ಬಂದು "ಏನಪ್ಪಾ, ಹೆಸರಿಗೆ ಮುಂಚೆ 11 ಅಂತ ಯಾಕ್ ಹಾಕಿದೀಯ" ಅಂದ್ರು. ಮುನ್ನೂರೂ ಮತ್ತೆ ಮಾಡ್ಕೊಟ್ಟೆ, ನನ್ನ ಖರ್ಚಲ್ಲೇ.

ಕೂಪರ್ ಬ್ಲ್ಯಾಕಲ್ಲಿ ಮಾಯ ಆಗೋಕೆ ತೆಳು ಗೆರೆನೇ ಇಲ್ಲ. ಸೆರಿಫ್ ಇದೆ, ಅಂದ್ರೆ ಗೆರೆ ತುದಿಲಿ ಬರೋ ಪುಟ್ಟ ಚಾಚು, ಆದ್ರೆ ಚೂಪು ತುದಿ ಒಂದೂ ಇಲ್ಲ, ಕಡುಬಿನ ಥರ ಉಬ್ಕೊಂಡು ಮೂಲೆ ಎಲ್ಲಾ ಉರುಟು. ಇಂಕು ಸ್ವಲ್ಪ ಹರಡಿದ್ರೂ ಅದು ಹುಟ್ಟಿದ್ದೇ ಹಿಂಗೆ ಅನ್ಸುತ್ತೆ. ಇಂಗ್ಲಿಷ್ ಓ (O) ಅಕ್ಷರದ ಹೊಟ್ಟೆಯೊಳಗಿನ ತೂತು ಒಂಚೂರು ಹಿಂದಕ್ಕೆ ವಾಲಿರತ್ತೆ, ಊಟ ಆಗಿ ಗೋಡೆಗೆ ಒರಗಿದ ಮನುಷ್ಯನ ಹಂಗೆ. ಬೆಳಿಗ್ಗೆ ಫ್ರೇಮ್ ಇಟ್ಟು ಮೊದಲ ಎಳೆತ ಹಳೇ ಪೇಪರ್ ಮೇಲೆ ತೆಗೀತೀನಲ್ಲ, ಆ ಓ ಸರಿಯಾಗಿ ಬಿತ್ತು ಅಂದ್ರೆ ಉಳಿದಿದ್ದೆಲ್ಲಾ ಸರಿ ಅಂತ ಲೆಕ್ಕ, ಆಮೇಲೇ ಟೀ.

ಓಸ್ವಾಲ್ಡ್ ಕೂಪರ್ ಅನ್ನೋರು ಶಿಕಾಗೋದಲ್ಲಿ ಬರೆದಿದ್ದು, 1922ರಲ್ಲಿ ಅಚ್ಚುಮೊಳೆಯಾಗಿ ಬಂತು. ದೂರದೃಷ್ಟಿ ಇರೋ ಪ್ರಿಂಟರ್‌ಗಳಿಗೆ, ದೂರದ್ದು ಕಾಣದ ಗಿರಾಕಿಗಳಿಗೆ ಅಂತ ಅವರೇ ತಮಾಷೆ ಮಾಡಿದ್ರಂತೆ. ನಮ್ಮ ಗಿರಾಕಿಗಳು ಉಲ್ಟಾ, ಪ್ರೂಫ್‌ನ ಕೈ ಚಾಚಿ ಹಿಡ್ಕೊಂಡು ಓದೋರು. ಈಜಿಜೆಟ್ ವಿಮಾನದ ಮೇಲಿರೋದೂ ಇದೇ ಅಕ್ಷರ, ಅದನ್ನ ಹೇಳಿದ್ರೆ ಚೌಕಾಸಿ ಸ್ವಲ್ಪ ಕಮ್ಮಿ ಆಗತ್ತೆ.

ಈಗ ಬೇಜಾರಿನ ವಿಷ್ಯ. ಚಿಕ್ಕದಾಗಿ ಹಾಕಿದ್ರೆ ಇಂಗ್ಲಿಷ್ ಇ (e), ಎ (a) ಒಳಗಿನ ತೂತು ಇಂಕ್ ತುಂಬಿ ಮುಚ್ಚೇ ಹೋಗತ್ತೆ. ಛತ್ರದ ವಿಳಾಸ, ಫೋನ್ ನಂಬರಿಗೆ ಇದನ್ನ ಮುಟ್ಟಲೇಬೇಡಿ. ಪೂರ್ತಿ ಕ್ಯಾಪಿಟಲ್‌ನಲ್ಲಿ ಹೊಡೆದ್ರಂತೂ ಅಕ್ಕಿ ಮೂಟೆ ಸಾಲಾಗಿ ಪೇರಿಸಿದಂಗೆ ಕಾಣತ್ತೆ.

ಅದಕ್ಕಿಂತ ದೊಡ್ಡ ಕೊರಗು ಕನ್ನಡದ್ದು. ಇದರಲ್ಲಿ ಕನ್ನಡ ಇಲ್ಲ. ಒಂದು ಬದಿ ಕನ್ನಡ ಬೇಕು ಅಂದ್ರೆ ಬಲೂ ತಮ್ಮ ಅನ್ನೋ ಕನ್ನಡ ಫಾಂಟ್ ಹಾಕ್ತೀನಿ, ಅದು ಸೆರಿಫ್ ಅಲ್ಲ, ಆದ್ರೂ ದುಂಡು ಮೈ, ಉಚಿತ ಬೇರೆ, ಪಕ್ಕ ಇಟ್ರೆ ಅಣ್ತಮ್ಮಂದಿರ ಹಂಗೆ ಕಾಣತ್ತೆ. ಸಾಲಿನ ಮಧ್ಯೆ ಜಾಗ ಮಾತ್ರ ಜಾಸ್ತಿ ಬಿಡಿ. ಹೋದ ವಾರ ಮರೆತು ಬಿಟ್ಟೆ, "ಲಕ್ಷ್ಮೀ"ಯ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟ್ಕೊಂಡು ಒಂದೇ ಮುದ್ದೆ. ಫ್ರೇಮ್ ತೊಳೆದು ಇನ್ನೊಂದ್ಸಲ ಎಕ್ಸ್‌ಪೋಸ್ ಮಾಡೋ, ಅಂದ್ರೆ ಬೆಳಕಿಗೆ ಹಿಡಿದು ಅಕ್ಷರ ಮೂಡಿಸೋ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು, ಟೀ ಅಂಗಡಿನೂ ಬಾಗಿಲು ಹಾಕಿತ್ತು.