ಝೆನೋವಾ ಜಿ260 ಎಂಜಿನ್ ಜೋಡಿ, ಟ್ವಿನ್ ಕ್ಯಾಟಮರಾನ್‌ನಲ್ಲಿ: ಕೆಲವು ವರ್ಷ ಓಡಿಸಿದ ಮೇಲೆ

ಇದು ರೇಡಿಯೋ ರಿಮೋಟ್‌ನಿಂದ ಓಡಿಸುವ ಮಾಡೆಲ್ ರೇಸ್ ಬೋಟ್ ಬಗ್ಗೆ. ಕ್ಯಾಟಮರಾನ್ ಅಂದರೆ ಎರಡು ಒಡಲಿನ ಬೋಟ್, ಟ್ವಿನ್ ಅಂದರೆ ಎರಡು ಎಂಜಿನ್ ಇರುವುದು. ಮೊದಲೇ ಹೇಳಿಬಿಡುತ್ತೇನೆ. ಎರಡು ಎಂಜಿನ್ ಇದ್ದರೆ ಎರಡು ಪಟ್ಟು ಸ್ಪೀಡ್ ಸಿಗುತ್ತದೆ ಅಂದುಕೊಂಡು ಯಾರೂ ಟ್ವಿನ್ ಬೋಟ್ ತಗೋಬೇಡಿ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಈ ಲೆಕ್ಕದಲ್ಲಿ ಶಕ್ತಿ ದುಪ್ಪಟ್ಟು ಮಾಡಿದರೂ ವೇಗ ಹೆಚ್ಚುವುದು ಸುಮಾರು ಶೇ. 26 ಅಷ್ಟೇ. ನೀರಿನ ಮೇಲೆ ಎದ್ದು ಓಡುವ ಹಲ್‌ಗೆ (ಬೋಟ್‌ನ ಒಡಲಿಗೆ) ಲೆಕ್ಕ ಸ್ವಲ್ಪ ಬೇರೆ, ಆದರೆ ಎರಡನೇ ಎಂಜಿನ್, ಪೈಪ್, ಟ್ಯಾಂಕ್ ಎಲ್ಲ ಸೇರಿ ತೂಕವೂ ಏರಿರುತ್ತದೆ ಅಲ್ವಾ. ಹಾಗಿದ್ದರೂ ನಾನು ಟ್ವಿನ್ ಬಿಟ್ಟು ಹಿಂದಕ್ಕೆ ಹೋಗುವುದಿಲ್ಲ. ತಿರುವು ಮುಗಿಸಿ ಬೋಟ್ ನೇರವಾದ ಕೂಡಲೇ ಎರಡು ಪ್ರೊಪೆಲ್ಲರ್ ಒಟ್ಟಿಗೆ ನೀರನ್ನು ಕಚ್ಚಿಕೊಂಡು ನೂಕುತ್ತವಲ್ಲ, ಆ ಸೆಳೆತ ಒಂಟಿ ಎಂಜಿನ್ನಿನಲ್ಲಿ ಬರುವುದಿಲ್ಲ.

ನಾನು ಇರುವುದು ಸ್ಯಾನ್ ಡಿಯಾಗೋದಲ್ಲಿ. ಇಲ್ಲಿ ಮಿಷನ್ ಬೇ ಪಾರ್ಕಿನ ವೆಕೇಶನ್ ಐಲ್‌ನಲ್ಲಿ ಮಾಡೆಲ್ ಬೋಟ್‌ಗಳಿಗೆಂದೇ ಒಂದು ಕೊಳ ಇದೆ. ಹಾಗಾಗಿ ಜಾಗಕ್ಕೆ ಪರದಾಟ ಇಲ್ಲ.

ಈಗ ಎಂಜಿನ್ ವಿಷಯ. ಝೆನೋವಾ ಜಪಾನಿನ ಕಂಪನಿ, ಕಳೆ ಕತ್ತರಿಸುವ ಯಂತ್ರಗಳಿಗೆ ಹೆಸರಾದದ್ದು. ಜಿ260ಪಿಯುಎಂ ಅಂದರೆ ಅದರ ಬೋಟ್ ಎಂಜಿನ್. ಒಂದು ಸಿಲಿಂಡರ್, ಟೂ ಸ್ಟ್ರೋಕ್, ನೀರಿನಿಂದ ತಣಿಯುವಂಥದ್ದು. 34 ಮಿ.ಮೀ. ಬೋರ್, 28 ಮಿ.ಮೀ. ಸ್ಟ್ರೋಕ್, ಒಟ್ಟು 25.4 ಸಿಸಿ. ಕಿಡಿಗೆ ಬ್ಯಾಟರಿ ಬೇಡ, ಮ್ಯಾಗ್ನೆಟೋ ಇದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಇದಕ್ಕಿಂತ ಜೋರಾಗಿ ಓಡುವ, ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಅನಿಲ ಹಾದು ಹೋಗುವ ಕಿಂಡಿ) ಕೊರೆದು ಮಾಡಿಫೈ ಮಾಡಿದ ಎಂಜಿನ್‌ಗಳು ಬೇಕಾದಷ್ಟು ಸಿಗುತ್ತವೆ. ಒಂಟಿ ಬೋಟ್‌ಗೆ ಅವು ಸರಿ. ಟ್ವಿನ್‌ಗೆ ಮಾತ್ರ ನಾನು ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್ನನ್ನೇ ಹೇಳುತ್ತೇನೆ. ಕಾರಣ ಒಂದೇ. ಇಲ್ಲಿ ಬೇಕಿರುವುದು ಎರಡು ಬಲವಾದ ಎಂಜಿನ್ ಅಲ್ಲ, ಎರಡು ಒಂದೇ ಥರದ ಎಂಜಿನ್. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೆ ಜಗ್ಗಿದರೆ ಗಾಡಿ ಓರೆಯಾಗುವುದಿಲ್ಲವೇ, ಹಾಗೆ. ಕೈಯಿಂದ ಪೋರ್ಟ್ ಕೊರೆದ ಎರಡು ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಮಧ್ಯದ ಆರ್‌ಪಿಎಂನಲ್ಲಿ ಬೇರೆ ಬೇರೆ ನಡೆಯುತ್ತವೆ. ನನ್ನ ಜಿ260 ಜೋಡಿ ಪೆಟ್ಟಿಗೆಯಿಂದ ತೆಗೆದ ದಿನದಿಂದ ಅಣ್ಣ ತಮ್ಮಂದಿರ ಹಾಗೆ ಹೊಂದಿಕೊಂಡಿವೆ.

ಹೊಂದಿಕೊಂಡಿವೆ ಅಂತ ಗೊತ್ತಾಗುವುದು ಕಿವಿಯಿಂದ. ಟ್ಯೂನಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಎರಡು ಎಂಜಿನ್ ಬಹುತೇಕ ಒಂದೇ ವೇಗದಲ್ಲಿ ಓಡುತ್ತಿದ್ದರೆ ಸದ್ದು ವೂಂ... ವೂಂ... ವೂಂ... ಅಂತ ಏರಿ ಇಳಿಯುತ್ತದೆ. ಒಂದೇ ಸಿಲಿಂಡರ್‌ನ ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಂದು ಸಲ ಸಿಡಿಯುತ್ತದೆ. ಹಾಗಾಗಿ ಸೆಕೆಂಡಿಗೆ ಒಂದು ಏರಿಳಿತ ಕೇಳಿದರೆ ಎರಡರ ನಡುವೆ 60 ಆರ್‌ಪಿಎಂ ವ್ಯತ್ಯಾಸ ಇದೆ ಅಂತ ಲೆಕ್ಕ. ಸೆಕೆಂಡಿಗೆ ಎರಡಾದರೆ 120. ಏರಿಳಿತ ನಿಧಾನವಾಗುತ್ತಾ ಹೋದ ಹಾಗೆ ಎಂಜಿನ್‌ಗಳು ಹತ್ತಿರ ಬರುತ್ತಿವೆ ಅಂತ ಅರ್ಥ. ಏರಿಳಿತವೇ ಕೇಳದೆ ಬರೀ ಒಂದು ಕರಕರ ಸದ್ದು ಬಂದರೆ ತುಂಬಾ ದೂರ ಇವೆ. ಇದಕ್ಕೆ ಯಾವ ಮೀಟರೂ ಬೇಡ, ದಡದಲ್ಲಿ ನಿಂತು ಬೋಟ್ ಎದುರಿಗೆ ಹಾದು ಹೋಗುವಾಗ ಸುಮ್ನೆ ಕಿವಿ ಕೊಟ್ಟರೆ ಸಾಕು.

ನೀಡಲ್, ಅಂದರೆ ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ, ತಿರುಗಿಸುವ ಕ್ರಮ ನನ್ನದು ಹೀಗೆ. ವಾಲ್ಬ್ರೋ ಕಾರ್ಬ್ಯುರೇಟರ್‌ನಲ್ಲಿ ಎರಡು ಸ್ಕ್ರೂ ಇರುತ್ತವೆ, ಎಲ್ (ಕಡಿಮೆ ವೇಗಕ್ಕೆ) ಮತ್ತು ಎಚ್ (ಹೆಚ್ಚಿನ ವೇಗಕ್ಕೆ). ಎರಡನ್ನೂ ಮುಚ್ಚಿ, ಸುಮಾರು ಒಂದೂಕಾಲು ಸುತ್ತು ಬಿಚ್ಚಿ ಶುರು ಮಾಡುತ್ತೇನೆ. ಮೊದಲು ಎಲ್ ಸರಿ ಮಾಡಿಕೊಳ್ಳಬೇಕು, ಅಂದರೆ ಐಡಲ್‌ನಿಂದ ಥ್ರಾಟಲ್ ಒತ್ತಿದಾಗ ತಡವರಿಸದೆ ಏಳಬೇಕು. ಆಮೇಲೆ ಎಚ್. ಫುಲ್ ಥ್ರಾಟಲ್‌ನಲ್ಲಿ ಒಂದು ಓಟ ಓಡಿಸಿ, ಓಡುತ್ತಿರುವಾಗಲೇ ಕಿಲ್ ಸ್ವಿಚ್‌ನಿಂದ ಎರಡನ್ನೂ ನಿಲ್ಲಿಸಿ, ದಡಕ್ಕೆ ತಂದು ಪ್ಲಗ್ ಬಿಚ್ಚಿ ನೋಡುತ್ತೇನೆ. ಐಡಲ್‌ನಲ್ಲಿ ನಿಧಾನವಾಗಿ ವಾಪಸ್ ತಂದರೆ ಪ್ಲಗ್ ಸುಳ್ಳು ಹೇಳುತ್ತದೆ. ಪ್ಲಗ್ ಎನ್‌ಜಿಕೆ ಸಿಎಂಆರ್7ಎಚ್. ಪಿಂಗಾಣಿ ತಿಳಿ ಕಂದು ಇದ್ದರೆ ಒಳ್ಳೆಯದು, ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪಾಗಿ ಒದ್ದೆಯಾಗಿದ್ದರೆ ಜಾಸ್ತಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಎರಡು ಎಂಜಿನ್‌ಗೆ ಒಟ್ಟಿಗೆ ಕೈ ಹಾಕಲೂಬಾರದು, ಯಾವುದು ಏನು ಮಾಡಿತು ಅಂತ ಗೊತ್ತಾಗುವುದಿಲ್ಲ. ಎರಡರಲ್ಲಿ ಯಾವುದು ಸ್ವಲ್ಪ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆಯೋ ಅದರ ಮಟ್ಟಕ್ಕೆ ಇನ್ನೊಂದನ್ನು ತರುತ್ತೇನೆ. ತುದಿಯ ಸ್ಪೀಡ್ ಸ್ವಲ್ಪ ಹೋಗಬಹುದು, ಆದರೆ ರೇಸ್ ಮುಗಿಯುವ ತನಕ ಎರಡೂ ಜೀವಂತ ಇರುತ್ತವೆ.

ಯಾಕೆಂದರೆ ಟ್ವಿನ್‌ನಲ್ಲಿ ಒಂದು ಎಂಜಿನ್ ನಿಂತರೆ ಬರೀ ಸ್ಪೀಡ್ ಕಡಿಮೆಯಾಗುವುದಲ್ಲ. ಬೋಟ್ ನಿಂತ ಎಂಜಿನ್ನಿನ ಕಡೆಗೇ ಕುತ್ತಿಗೆ ತಿರುಗಿಸುತ್ತದೆ, ಅಲ್ಲಿ ಬೇರೆಯವರ ಬೋಟ್ ಇದ್ದರೆ ಮುಗಿಯಿತು. ಅದಕ್ಕೇ ನಾನು ಎರಡು ಎಂಜಿನ್‌ಗೂ ಬೇರೆ ಬೇರೆ ಥ್ರಾಟಲ್ ಸರ್ವೋ (ರೇಡಿಯೋ ಹೇಳಿದಂತೆ ಥ್ರಾಟಲ್ ಎಳೆಯುವ ಪುಟ್ಟ ಮೋಟರ್) ಹಾಕಿದ್ದೇನೆ. ರೇಡಿಯೋದಲ್ಲೇ ಎರಡರ ತುದಿಯ ಬಿಂದುಗಳನ್ನು ಹೊಂದಿಸಬಹುದು. ಒಂದೇ ಸರ್ವೋದಿಂದ ಎರಡು ಕಡ್ಡಿ ಎಳೆಯುವ ವ್ಯವಸ್ಥೆ ಅಗ್ಗ, ಆದರೆ ಟ್ಯೂನ್ ಮಾಡಲು ಕೂತಾಗ ಅದರ ಬೆಲೆ ತಿಳಿಯುತ್ತದೆ.

ಅಮೆರಿಕದ ಮಾಡೆಲ್ ಬೋಟ್ ರೇಸಿನ ನಾಂಬಾ ಸಂಘದ ನಿಯಮದಲ್ಲಿ ಅಂಡಾಕಾರದ ದಾರಿಯಲ್ಲಿ ಬೋಟ್‌ಗಳು ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತವೆ. ಅಂದರೆ ಎಲ್ಲ ತಿರುವೂ ಬಲಕ್ಕೆ. ಬಲಕ್ಕೆ ತಿರುಗುವಾಗ ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ಎಡಕ್ಕೆ ನುಗ್ಗುತ್ತದೆ. ಎರಡೂ ಟ್ಯಾಂಕ್‌ನ ಕ್ಲಂಕ್ (ಪೆಟ್ರೋಲ್ ಹೀರುವ ಪೈಪ್‌ನ ತುದಿಯ ಭಾರದ ಗುಂಡು) ಎಡ ಹಿಂಮೂಲೆಗೆ ತಲುಪುವ ಹಾಗೆ ಪೈಪ್ ಕತ್ತರಿಸಬೇಕು. ನೋಡಲು ಚೆನ್ನಾಗಿರಲಿ ಅಂತ ಎಡ ಟ್ಯಾಂಕ್‌ಗೆ ಎಡಕ್ಕೆ, ಬಲ ಟ್ಯಾಂಕ್‌ಗೆ ಬಲಕ್ಕೆ ಅಂತ ಕನ್ನಡಿ ಬಿಂಬದ ಹಾಗೆ ಜೋಡಿಸಿದ ಬೋಟ್‌ಗಳನ್ನು ನೋಡಿದ್ದೇನೆ. ತಿರುವಿನಲ್ಲಿ ಅವುಗಳ ಬಲ ಎಂಜಿನ್ ಉಸಿರು ಕಟ್ಟಿದ ಹಾಗೆ ಆಡುತ್ತದೆ.

ಸ್ಟಾರ್ಟ್ ಮಾಡುವುದು ಈ ಜೋಡಿಯ ನಿಜವಾದ ತಲೆನೋವು. ಸ್ಟ್ಯಾಂಡ್ ಮೇಲೆ ಇದ್ದಾಗ ನೀರು ಹರಿಯುವುದಿಲ್ಲ, ಒಂದನ್ನು ಸ್ಟಾರ್ಟ್ ಮಾಡಿ ಇನ್ನೊಂದರ ಹಗ್ಗ ಎಳೆಯುತ್ತಾ ಕೂತರೆ ಮೊದಲನೆಯದು ನೀರಿಲ್ಲದೆ ಬಿಸಿಯಾಗುತ್ತದೆ. ಹಾಗಾಗಿ ಯಾವುದು ಹಟಮಾರಿಯೋ ಅದನ್ನೇ ಮೊದಲು ಸ್ಟಾರ್ಟ್ ಮಾಡಿ, ಸುಲಭವಾಗಿ ಏಳುವುದನ್ನು ಆಮೇಲೆ. ಕ್ಲಚ್ ಇಲ್ಲ, ಎಂಜಿನ್ ಎದ್ದ ಕ್ಷಣದಿಂದ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಹರಿತ ಮಾಡಿದ ಪ್ರೊಪೆಲ್ಲರ್ ಬೆರಳನ್ನು ಬಿಡುವುದಿಲ್ಲ. ಹಿಡಿದುಕೊಳ್ಳಲು ಇನ್ನೊಬ್ಬರು ಇರಲೇಬೇಕು, ಮಕ್ಕಳು ದೂರ ಇರಲಿ.

ಪ್ರೊಪೆಲ್ಲರ್ ಬಗ್ಗೆ ಒಂದು ಮಾತು. ಆಕ್ಟುರಾ ಎಕ್ಸ್470 ಅಂದರೆ 70 ಮಿ.ಮೀ. ವ್ಯಾಸ, ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಹೋಗುವ ದೂರ) ಅದರ 1.4 ಪಟ್ಟು, ಅಂದರೆ 98 ಮಿ.ಮೀ. ಜೋಡಿಗೆ ತಗೊಳ್ಳುವಾಗ ಒಂದೇ ನಂಬರ್ ಇದ್ದರೆ ಸಾಲದು, ಒಬ್ಬರ ಕೈಯಲ್ಲೇ ಹರಿತ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಬೆರಿಲಿಯಂ ತಾಮ್ರದ ಪ್ರೊಪೆಲ್ಲರ್ ಆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಮನೆಯಲ್ಲಿ ಉಜ್ಜಲೇಬೇಡಿ. ಎರಡೂ ಒಂದೇ ಕಡೆಗೆ ತಿರುಗಿದರೆ ಬೋಟ್‌ನ ಹಿಂಭಾಗ ಒಂದು ಬದಿಗೆ ಎಳೆಯುತ್ತದೆ, ರಡರ್ ಟ್ರಿಮ್ ಮಾಡಿ ಸರಿದೂಗಿಸಬೇಕು. ಒಂದನ್ನು ಉಲ್ಟಾ ತಿರುಗಿಸುವ ಆಸೆ ಇದ್ದರೆ ಇಗ್ನಿಷನ್ ಟೈಮಿಂಗ್ ಬದಲಿಸಬೇಕು, ಪ್ರೊಪೆಲ್ಲರ್ ಉಲ್ಟಾ ಕೈಯದು ಬೇಕು, ಎಂಜಿನ್ನಿನ ತಿರುಗುವಿಕೆಯನ್ನು ಪ್ರೊಪೆಲ್ಲರ್‌ಗೆ ಒಯ್ಯುವ ಫ್ಲೆಕ್ಸ್ ಕೇಬಲ್ ಕೂಡ ಎದುರು ದಿಕ್ಕಿಗೆ ಹೆಣೆದದ್ದೇ ಬೇಕು. ಇಲ್ಲದಿದ್ದರೆ ಲೋಡ್ ಬಿದ್ದಾಗ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಎಲೆಕ್ಟ್ರಿಕ್ ಬ್ರಷ್‌ಲೆಸ್ ಮೋಟರ್‌ನಲ್ಲಾದರೆ ಮೂರು ವೈರ್‌ಗಳಲ್ಲಿ ಎರಡನ್ನು ಅದಲು ಬದಲು ಮಾಡಿದರೆ ಮೋಟರ್ ಉಲ್ಟಾ ತಿರುಗುತ್ತದೆ. ಈ ಒಂದು ವಿಷಯದಲ್ಲಿ ಎಲೆಕ್ಟ್ರಿಕ್‌ನವರ ಮೇಲೆ ನನಗೆ ಹೊಟ್ಟೆಕಿಚ್ಚು.

ನನ್ನ ದೂರು ಹಲ್ ಮೇಲೆ. ಮಾಡಿಕೊಟ್ಟವರ ಹೆಸರು ಬೇಡ. ಫೈಬರ್ ಕೆಲಸ ಚೆನ್ನಾಗಿದೆ, ಆದರೆ ಎರಡು ಸ್ಟ್ರಟ್‌ಗಳ (ಹಿಂದೆ ಪ್ರೊಪೆಲ್ಲರ್ ದಂಡವನ್ನು ಹಿಡಿದಿಡುವ ಆಧಾರಗಳ) ಎತ್ತರ ಒಂದೇ ಇರಲಿಲ್ಲ. ಸಮತಟ್ಟಾದ ಗಾಜಿನ ಮೇಲೆ ಇಟ್ಟು ಅಳೆದಾಗ ಬರಿಗಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಒಂದು ಪ್ರೊಪೆಲ್ಲರ್ ಆಳದಲ್ಲಿ, ಒಂದು ಮೇಲೆ. ಆಳದ್ದಕ್ಕೆ ಲೋಡ್ ಜಾಸ್ತಿ, ಅದರ ಎಂಜಿನ್ ಹಿಂದೆ ಬೀಳುತ್ತದೆ, ನಾವು ಕಾರ್ಬ್ಯುರೇಟರ್ ತಿರುಗಿಸುತ್ತಾ ಕೂರುತ್ತೇವೆ. ಹೊಸ ಬೋಟ್ ತಂದವರು ನೀಡಲ್ ಮುಟ್ಟುವ ಮೊದಲು ಸ್ಟ್ರಟ್ ಅಳೆಯಿರಿ. ಕಂಪನಿಗೆ ಬರೆದರೆ ಉತ್ತರವೂ ಬರಲಿಲ್ಲ, ಬೇಸರದ ಸಂಗತಿ.

ನೇರ ಓಟದ ಅಳತೆಯ ದಾರಿ 330 ಅಡಿ. ಗಂಟೆಗೆ 60 ಮೈಲಿಯಲ್ಲಿ ಹೋದರೆ ಅದು ಮುಗಿಯುವುದು 3.75 ಸೆಕೆಂಡಿನಲ್ಲಿ. ಅಷ್ಟರೊಳಗೆ ಎರಡೂ ಎಂಜಿನ್ ಒಟ್ಟಿಗೆ ಪೈಪ್ ಮೇಲೆ ಏಳಬೇಕು, ಅಂದರೆ ಟ್ಯೂನ್ಡ್ ಪೈಪ್ (ಹೊಗೆ ಹೋಗುವ ವಿಶೇಷ ಪೈಪ್) ಪೂರ್ತಿ ಬಲ ಕೊಡುವ ವೇಗಕ್ಕೆ ಬರಬೇಕು. ಒಂದು ಮೊದಲು ಎದ್ದು ಇನ್ನೊಂದು ಆಮೇಲೆ ಎದ್ದರೆ ಬೋಟ್ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಮೂತಿ ಆಡಿಸುತ್ತದೆ. ಎರಡೂ ಟ್ಯೂನ್ಡ್ ಪೈಪ್‌ಗಳ ಉದ್ದ ಸ್ಕೇಲ್ ಹಿಡಿದು ಒಂದೇ ಮಾಡಿ, ಅಂದಾಜು ಬೇಡ.

ಬೆಂಗಳೂರಿನಿಂದ ಕೆಲವರು ಇದನ್ನು ಅಲ್ಲಿ ಓಡಿಸಬಹುದಾ ಅಂತ ಕೇಳಿದ್ದಾರೆ. ಕೆರೆಗೆ ಅನುಮತಿ ಬೇಕು, ಸದ್ದು ವಿಪರೀತ, ಹಕ್ಕಿಗಳಿರುವ ನೀರಿನಲ್ಲಿ ಇದು ಬೇಡವೇ ಬೇಡ. ಅಲ್ಲಿ ಎಲೆಕ್ಟ್ರಿಕ್ ಟ್ವಿನ್ ತಗೊಳ್ಳಿ, ಖುಷಿ ಕಡಿಮೆಯಾಗುವುದಿಲ್ಲ.

ಖರ್ಚು ಎಲ್ಲವೂ ಎರಡರಷ್ಟು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆಯಿಲ್ 25:1, ಲೀಟರಿಗೆ 40 ಮಿ.ಲೀ. ಎಂಜಿನ್ ಒಳಗೆ ನಾನು ಇನ್ನೂ ಏನನ್ನೂ ಬದಲಿಸಬೇಕಾಗಿ ಬಂದಿಲ್ಲ. ಸವೆಯುವುದು ಕಾರ್ಬ್ಯುರೇಟರ್‌ನ ಡಯಾಫ್ರಂ (ಒಳಗಿನ ತೆಳು ಪೊರೆ), ಎಥನಾಲ್ ಬೆರೆತ ಪೆಟ್ರೋಲ್‌ಗೆ ಅದು ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ಕಿಟ್ ಹಾಕಿ. ಒಂದು ಕೆಟ್ಟರೂ ಎರಡಕ್ಕೂ ಹೊಸದೇ ಹಾಕಿ. ಹೊಸ ಡಯಾಫ್ರಂ ಒಂದು ಕಡೆ, ಹಳೆಯದು ಇನ್ನೊಂದು ಕಡೆ ಇದ್ದರೆ ಆ ದಿನ ಎಷ್ಟು ಟ್ಯೂನ್ ಮಾಡಿದರೂ ಎರಡೂ ಕೂಡುವುದಿಲ್ಲ.